ದೀಪ ನಮ್ಮ ಗಾಡಿಯದು, ಬೀಗದ ಕೈ ಯಾರದು?

ವ್ಯಾನಿನ ಮೀಟರ್ ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡರೆ ಅದು ಯಾರೊಡನೆ ಮಾತನಾಡುತ್ತಿದೆ? ಗಾಡಿ ಕೊಂಡವನೊಡನೆಯೋ, ಗಾಡಿ ಮಾರಿದವನೊಡನೆಯೋ? ಪ್ರಶ್ನೆ ಸಣ್ಣದೆಂದು ಕೆಲವರು ನಗಬಹುದು. ಆದರೆ ದುಡಿದು ಉಣ್ಣುವವರ ಜೇಬಿನಿಂದ ವರ್ಷವರ್ಷವೂ ಸಾವಿರಗಟ್ಟಲೆ ರೂಪಾಯಿ ಸೋರಿಹೋಗುವ ತೂತು ಈ ಸಣ್ಣ ಪ್ರಶ್ನೆಯ ಹಿಂದೆಯೇ ಇದೆ ಎಂಬುದು ನಮ್ಮ ವಾದ. ರೋಗ ಇದೆ ಎಂದು ಗಾಡಿಯ ಯಜಮಾನನಿಗೆ ಹೇಳುವುದು, ರೋಗ ಯಾವುದೆಂಬುದನ್ನು ಮಾತ್ರ ಬೀಗ ಹಾಕಿ ಇಟ್ಟುಕೊಂಡು ಆ ಬೀಗ ತೆಗೆಯುವುದಕ್ಕೆ ದುಡ್ಡು ಕೇಳುವುದು, ಇದು ಈ ಕಾಲದ ಹೊಸ ವ್ಯಾಪಾರ. ಈ ವ್ಯಾಪಾರದ ಲೆಕ್ಕವನ್ನು ಇಂದು ಬಿಚ್ಚಿಡುತ್ತೇವೆ.

ಮುಳಬಾಗಿಲಿನಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಕುರುಡುಮಲೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಒಂದೇ ಕಲ್ಲಿನ ಆ ದೊಡ್ಡ ಗಣಪತಿಯ ಮುಂದೆ ಕಾಯಿ ಒಡೆದು ಕೆಲಸಕ್ಕೆ ಕೈಹಾಕಿದರೆ ವಿಘ್ನ ಬರುವುದಿಲ್ಲವೆಂಬುದು ಈ ಸೀಮೆಯ ಜನರ ನಂಬಿಕೆ. ಆ ದಾರಿಯಲ್ಲಿ ಓಡಾಡುವ ವ್ಯಾನುಗಳನ್ನು ನೋಡಿದರೆ ನಮ್ಮ ತಾಲ್ಲೂಕುಗಳ ಬದುಕು ಯಾವುದರ ಮೇಲೆ ನಿಂತಿದೆ ಎಂಬುದು ತಿಳಿಯುತ್ತದೆ. ಬೆಳಗಿನ ಜಾವ ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳಿಗೆ ಪಾಳಿಯ ಆಳುಗಳನ್ನು ಹೊತ್ತೊಯ್ಯುವುದು ವ್ಯಾನು. ಕೋಲಾರದ ಮಂಡಿಗೆ ಟೊಮ್ಯಾಟೊ ಬಾಕ್ಸು, ಶ್ರೀನಿವಾಸಪುರದಿಂದ ಮಾವಿನ ಹಣ್ಣು, ಸಂತೆಗೆ ಬಟ್ಟೆಯ ಗಂಟು, ಆಸ್ಪತ್ರೆಗೆ ಬಾಣಂತಿ, ಎಲ್ಲಕ್ಕೂ ವ್ಯಾನು. ಇವುಗಳಲ್ಲಿ ಶೋರೂಮಿನಿಂದ ನೇರವಾಗಿ ಬಂದವು ಕೆಲವೇ ಕೆಲವು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಮೂರನೆಯವರ ಕೈಗೆ ಬಂದ ಹಳೆಯ ಗಾಡಿಗಳೇ ಹೆಚ್ಚು. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿ, 2010ರಲ್ಲಿ ಬಂದ ಈಕೋ, 2004ರಿಂದ 2017ರವರೆಗೆ ಮಾರಾಟವಾದ ಟವೇರಾ, ಇಂಥವುಗಳ ಚಕ್ರದ ಮೇಲೆಯೇ ಬಡವನ ಬಾಡಿಗೆಯೂ ಸಣ್ಣ ಅಂಗಡಿಯವನ ಸರಕೂ ಸಾಗುತ್ತಿವೆ.

ಹೊಸ ಗಾಡಿಯ ಶ್ರೀಮಂತನಿಗೆ ವಾರಂಟಿಯ ನೆರಳಿದೆ. ಹಳೆಯ ಗಾಡಿಯವನಿಗೆ ಯಾವ ನೆರಳೂ ಇಲ್ಲ. ಒಂದು ದಿನ ಗಾಡಿ ನಿಂತರೆ ಅಂದಿನ ಬಾಡಿಗೆ ಹೋಯಿತು, ಕಂತಿನ ದಿನ ಹತ್ತಿರ ಬಂತು, ಕಾರ್ಖಾನೆಯ ಗೇಟಿನಲ್ಲಿ ಹನ್ನೆರಡು ಮಂದಿಗೆ ಅರ್ಧ ದಿನದ ಸಂಬಳ ಮುರಿಯಿತು. ಆದ್ದರಿಂದ ಮೀಟರ್ ಬೋರ್ಡಿನ ದೀಪ ಹತ್ತಿದಾಗ ಅವನಿಗೆ ಹುಟ್ಟುವುದು ಭಯ. ಭಯಗೊಂಡ ಗಿರಾಕಿಗಿಂತ ಒಳ್ಳೆಯ ಗಿರಾಕಿ ಲಾಭಕೋರನಿಗೆ ಇನ್ನಾರೂ ಇಲ್ಲ.

ಭಯದ ಮದ್ದು ತಿಳಿವಳಿಕೆ. ಆದಕಾರಣ ಮೊದಲು ಆ ದೀಪಗಳ ಭಾಷೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇವೆ.

ಬಣ್ಣವೇ ಮೊದಲ ಪಾಠ. ಕೆಂಪು ಎಂದರೆ ನಿಲ್ಲಿಸು, ಹಳದಿ ಎಂದರೆ ಬೇಗ ತೋರಿಸು, ಹಸಿರು ಅಥವಾ ನೀಲಿ ಎಂದರೆ ಯಾವುದೋ ಒಂದು ಕೆಲಸ ನಡೆಯುತ್ತಿದೆ ಎಂದಷ್ಟೇ ಅರ್ಥ. ಕೆಂಪು ಎಣ್ಣೆ ಜಿಡ್ಡಿಯ ಗುರುತು ಕಂಡರೆ ಎಂಜಿನಿನಲ್ಲಿ ಆಯಿಲಿನ ಒತ್ತಡ ಬಿದ್ದಿದೆ. ಅದನ್ನು ಕಂಡೂ ಇನ್ನೊಂದು ಊರು ದಾಟುತ್ತೇನೆ ಎಂದವನು ಎಂಜಿನನ್ನೇ ಬಿಚ್ಚಿಸಬೇಕಾಗುತ್ತದೆ. ಗಾಡಿ ಪಕ್ಕಕ್ಕೆ ಹಾಕಿ, ಕಡ್ಡಿ ಎಳೆದು ಆಯಿಲ್ ನೋಡಬೇಕು. ಆಯಿಲ್ ಸರಿಯಿದ್ದರೆ ಕೆಲವೊಮ್ಮೆ ತಪ್ಪು ಕೆಲವು ನೂರು ರೂಪಾಯಿಯ ಆಯಿಲ್ ಸ್ವಿಚ್ಚಿನದೇ ಆಗಿರುವುದುಂಟು. ಆದರೆ ಅದನ್ನು ಅಳೆದು ನೋಡಿದ ಮೇಲೆಯೇ ಎಂಜಿನ್ ಓಡಿಸಬೇಕು. ಬಿಸಿಯ ದೀಪ ಹತ್ತಿದರೆ ಎಂಜಿನ್ ಆರಿಸಿ ಕಾಯಬೇಕು. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ನಮ್ಮಲ್ಲಿ ಕಡಮೆಯಿಲ್ಲ. ಬ್ಯಾಟರಿಯ ದೀಪ ಹತ್ತಿದ ಮಾತ್ರಕ್ಕೆ ಬ್ಯಾಟರಿ ಸತ್ತಿತೆಂದಲ್ಲ. ಬ್ಯಾಟರಿಗೆ ಚಾರ್ಜು ಹೋಗುತ್ತಿಲ್ಲ ಎಂದರ್ಥ. ಬೆಲ್ಟು ಸಡಿಲವೋ, ಆಲ್ಟರ್ನೇಟರ್ ಕೆಟ್ಟಿತೋ, ತಂತಿಗೆ ಕಿಲುಬು ಹಿಡಿಯಿತೋ ನೋಡದೆ ಹೊಸ ಬ್ಯಾಟರಿ ಕೊಂಡವನು ಒಂದು ವಾರದೊಳಗೆ ಅದೇ ದೀಪವನ್ನು ಮತ್ತೆ ನೋಡುತ್ತಾನೆ. ಬ್ರೇಕಿನ ದೀಪ ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಉಳಿದರೆ ಬ್ರೇಕ್ ಆಯಿಲ್ ಇಳಿದಿರಬಹುದು. ಇಳಿದಿದ್ದರೆ ಪ್ಯಾಡು ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ. ಇಂಥದ್ದರಲ್ಲಿ ಜಿಪುಣತನ ಸಲ್ಲದು.

ಇವಿಷ್ಟು ಕೆಂಪಿನ ಮಾತು. ಕೆಂಪು ದೀಪದ ಕಾಯಿಲೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವು, ಕೈಗೆ ಸಿಗುವಂಥವು. ಲೂಟಿಯ ಕೊಠಡಿ ಇರುವುದು ಹಳದಿಯ ಹಿಂದೆ, ಅದರಲ್ಲಿಯೂ ಎಂಜಿನಿನ ಆಕಾರದ ಹಳದಿ ದೀಪದ ಹಿಂದೆ.

ಹಳೆಯ ಓಮ್ನಿಯಲ್ಲಿ ಕಾರ್ಬ್ಯುರೇಟರ್ ಇತ್ತು. ಮೇಸ್ತ್ರಿ ಕಿವಿಗೊಟ್ಟು ಕೇಳಿ, ಹೊಗೆಯ ವಾಸನೆ ನೋಡಿ, ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡಿ ರೋಗ ಹೇಳುತ್ತಿದ್ದ. ಆಮೇಲೆ ಪೆಟ್ರೋಲನ್ನು ಅಳೆದು ಚಿಮುಕಿಸುವ ಕೆಲಸ ಕಂಪ್ಯೂಟರಿನ ಕೈಗೆ ಬಂತು. ನಾವು ಕಂಪ್ಯೂಟರಿನ ಶತ್ರುಗಳಲ್ಲ. ಅದು ಬಂದದ್ದು ಹೊಗೆ ತಗ್ಗಿಸುವುದಕ್ಕೆ. ಆ ಹೊಗೆಯನ್ನು ಹೆಚ್ಚು ಕುಡಿಯುವವರು ರಸ್ತೆಬದಿಯಲ್ಲಿ ವ್ಯಾಪಾರ ಮಾಡುವ ನಮ್ಮ ಜನವೇ. ಭಾರತ್ ಸ್ಟೇಜ್ 4 ನಿಯಮ 2010ರ ಏಪ್ರಿಲಿನಲ್ಲಿ ಬೆಂಗಳೂರಿನಂಥ ದೊಡ್ಡ ನಗರಗಳಿಗೆ, 2017ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ ಬಂತು. 2020ರ ಏಪ್ರಿಲ್ 1ರಿಂದ ಸ್ಟೇಜ್ 6 ಜಾರಿಯಾಯಿತು. ಇವುಗಳ ಜೊತೆಯಲ್ಲಿಯೇ ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಬರೆದಿಟ್ಟುಕೊಳ್ಳಬೇಕೆಂಬ ನಿಯಮವೂ ಬಂತು. ಸ್ಟಿಯರಿಂಗಿನ ಕೆಳಗೆ ಕೈಯಾಡಿಸಿದರೆ ಇಂಥ ಗಾಡಿಗಳಲ್ಲಿ ಹದಿನಾರು ಪಿನ್ನಿನ ಒಂದು ಸಾಕೆಟ್ಟು ಸಿಗುತ್ತದೆ. ಗಾಡಿ ಬರೆದಿಟ್ಟುಕೊಂಡ ರೋಗದ ಚೀಟಿಯನ್ನು ಓದುವ ಬಾಗಿಲು ಅದೇ.

ಆ ಚೀಟಿಯಲ್ಲಿರುವುದು ಒಂದು ಅಕ್ಷರ, ನಾಲ್ಕು ಅಂಕೆ. ಪಿ 0300 ಎಂದರೆ ಎಂಜಿನಿನಲ್ಲಿ ಕಿಡಿ ಸರಿಯಾಗಿ ಹೊತ್ತುತ್ತಿಲ್ಲ. ಪಿ 0171 ಎಂದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಮೆಯಾಗುತ್ತಿದೆ. ಪಿ 0420 ಎಂದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸವನ್ನು ಪೂರ್ತಿ ಮಾಡುತ್ತಿಲ್ಲವೆಂದು ಕಂಪ್ಯೂಟರಿಗೆ ಅನುಮಾನ ಬಂದಿದೆ. ಅನುಮಾನ ಎಂಬ ಮಾತನ್ನು ಓದುಗರು ಗಮನಿಸಬೇಕು. ಸಂಕೇತ ಹೇಳುವುದು ಲಕ್ಷಣವನ್ನು, ರೋಗವನ್ನಲ್ಲ. ಮೈ ಬಿಸಿಯಿದೆ ಎಂದು ತರ್ಮಾಮೀಟರ್ ಹೇಳುತ್ತದೆ. ಮಲೇರಿಯವೋ ನೆಗಡಿಯೋ ಎಂದು ಅದು ಹೇಳುವುದಿಲ್ಲ.

ಈಗ ಲೂಟಿಯ ಬಗೆಯನ್ನು ನೋಡಿ. ಹಳೆಯ ವ್ಯಾನಿನವನೊಬ್ಬನಿಗೆ ಪಿ 0420 ಬಂತೆಂದುಕೊಳ್ಳೋಣ. ಕೌಂಟರಿನಲ್ಲಿ ಕುಳಿತವನು ಪರದೆ ನೋಡಿ 'ಕನ್ವರ್ಟರ್ ಹೋಗಿದೆ, ಹೊಸದು ಹಾಕಬೇಕು' ಎನ್ನುತ್ತಾನೆ. ಹತ್ತಾರು ಸಾವಿರ ರೂಪಾಯಿಯ ಮಾತು. ಆದರೆ ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಹೊಗೆ ಸೋರಿದರೂ ಇದೇ ಸಂಕೇತ ಬರಬಹುದು. ಆಕ್ಸಿಜನ್ ಸೆನ್ಸರ್ ಮುದಿಯಾದರೂ ಬರಬಹುದು. ಪ್ಲಗ್ಗು ಕೆಟ್ಟು ಸುಡದ ಪೆಟ್ರೋಲು ಹಿಂದಕ್ಕೆ ಹೋಗುತ್ತಿದ್ದರೆ, ಆ ಪ್ಲಗ್ಗು ಬದಲಿಸದೆ ಹಾಕಿದ ಹೊಸ ಕನ್ವರ್ಟರೂ ಹಾಳಾಗುತ್ತದೆ. ಪಿ 0171ರಲ್ಲಿಯೂ ಇದೇ ಕಥೆ. ರಬ್ಬರ್ ಹೋಸೊಂದು ಸೀಳಿ ಗಾಳಿ ಎಳೆಯುತ್ತಿದ್ದರೆ ಮದ್ದು ಕೆಲವು ನೂರರದು. ಪರೀಕ್ಷಿಸದೆ ಒಂದರ ಮೇಲೊಂದು ಸೆನ್ಸರ್ ಬದಲಿಸುತ್ತ ಹೋದರೆ ಮದ್ದು ಕೆಲವು ಸಾವಿರದ್ದು. ತೋಟದ ಮನೆಯ ಮುಂದೆ ನಿಲ್ಲುವ ಗಾಡಿಯ ವೈರನ್ನು ಇಲಿ ಕಡಿದರೂ ಹಳದಿ ದೀಪವೇ ಹತ್ತುತ್ತದೆ. ಆ ತಂತಿ ಕೂಡಿಸುವುದಕ್ಕೆ ಬೇಕಾದದ್ದು ಒಂದು ತುಂಡು ಟೇಪು ಮತ್ತು ಒಬ್ಬ ತಾಳ್ಮೆಯ ಮೇಸ್ತ್ರಿ. ಪರೀಕ್ಷೆಗೆ ಗಂಟೆಗಟ್ಟಲೆ ಬೇಕು, ಅದರಲ್ಲಿ ಲಾಭ ಕಡಮೆ. ಬಿಡಿಭಾಗ ಬದಲಿಸುವುದು ಬೇಗ ಮುಗಿಯುತ್ತದೆ, ಅದರಲ್ಲಿ ಲಾಭ ಹೆಚ್ಚು. ಹೀಗಿರುವಾಗ ಯಾವುದು ನಡೆಯುತ್ತದೆಂದು ನಾವು ಬಿಡಿಸಿ ಹೇಳಬೇಕೆ?

ಕುರುಡುಮಲೆಯ ಸೋಮೇಶ್ವರ ಗುಡಿಯ ಒಂದು ಭಾಗ ಜಕಣಾಚಾರಿಯ ಕೈಯದು, ಇನ್ನೊಂದು ಭಾಗ ಮಗ ಡಂಕಣನ ಕೈಯದು ಎಂದು ಈ ಸೀಮೆಯ ಹಿರಿಯರು ಹೇಳುತ್ತಾರೆ. ಇತಿಹಾಸ ಬಲ್ಲವರು ಒಪ್ಪಲಿ ಬಿಡಲಿ, ಆ ತಂದೆಮಕ್ಕಳ ಕಥೆ ಕನ್ನಡನಾಡಿಗೆಲ್ಲ ಗೊತ್ತು. ಬೇಲೂರಿನಲ್ಲಿ ಹುಡುಗನೊಬ್ಬ ಬಂದು ಹೆಸರಾಂತ ಶಿಲ್ಪಿಗೆ 'ನಿಮ್ಮ ಕಲ್ಲಿನಲ್ಲಿ ದೋಷವಿದೆ' ಎಂದನಂತೆ. ತೋರಿಸು ಎಂದರು. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟಾಗ ನೀರೂ ಕಪ್ಪೆಯೂ ಹೊರಬಂದವು. ದೋಷ ಹುಡುಕುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಹುಡುಗ ಬರಿದೆ ಹೇಳಲಿಲ್ಲ, ನೆರೆದವರೆಲ್ಲರ ಕಣ್ಣೆದುರಿಗೆ ತೋರಿಸಿದ. ಮೊದಲು ಪರೀಕ್ಷೆ, ಆಮೇಲೆ ಉಳಿ. ಇಂದಿನ ಕಂಪೆನಿಯವರಾಗಿದ್ದರೆ ಏನೆನ್ನುತ್ತಿದ್ದರು? 'ಕಲ್ಲಿನಲ್ಲಿ ದೋಷವಿದೆ, ವಿಗ್ರಹವನ್ನೇ ಬದಲಿಸಬೇಕು. ಗಂಧ ನಮ್ಮ ಅಂಗಡಿಯಲ್ಲಿ ಮಾತ್ರ ಇದೆ, ಅದನ್ನು ಹೊರಗಿನವರು ಮುಟ್ಟುವಂತಿಲ್ಲ' ಎನ್ನುತ್ತಿದ್ದರು. ತಪ್ಪು ಸಾಬೀತಾದಾಗ ಜಕಣ ತನ್ನ ಕೈಯನ್ನೇ ಕತ್ತರಿಸಿಕೊಂಡನೆಂದು ಕಥೆ. ನಾವು ಕಂಪೆನಿಗಳ ಕೈ ಕೇಳುತ್ತಿಲ್ಲ; ಗಂಧದ ಬಟ್ಟಲನ್ನು ಕೇಳುತ್ತಿದ್ದೇವೆ.

ಗಿರಣಿಯ ಬಂಧುಗಳಿಗೆ ಇದು ಬೇಗ ಅರ್ಥವಾದೀತು. ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಅದರ ತಂತಿಕಡ್ಡಿ ಕೆಳಗೆ ಬಿದ್ದು ಮಗ್ಗ ನಿಲ್ಲುತ್ತದೆ. ಕಡಿದ ಎಳೆ ಯಾವುದೆಂದು ನೇಯುವವನು ಅಲ್ಲಿಯೇ ಕಂಡು ಗಂಟು ಹಾಕಿ ಮತ್ತೆ ಮಗ್ಗ ಎಬ್ಬಿಸುತ್ತಾನೆ. ಎಳೆ ಕಡಿದಿದೆ ಎಂದಷ್ಟೇ ಹೇಳಿ, ಯಾವ ಎಳೆ ಎಂದು ತಿಳಿಯಲು ಮಗ್ಗ ಮಾರಿದವನ ಊರಿಗೆ ಹೋಗು ಎಂದರೆ ಯಾವ ಗಿರಣಿ ಧಣಿ ಅಂಥ ಮಗ್ಗವನ್ನು ಕೊಂಡಾನು? ಧಣಿ ಒಪ್ಪದ ಕರಾರನ್ನು ವ್ಯಾನಿನ ಬಡ ಯಜಮಾನ ಒಪ್ಪಬೇಕೇಕೆ?

ಅಂಗಡಿಯ ಬಂಧುಗಳು ತಮ್ಮ ತಕ್ಕಡಿಯನ್ನು ನೆನೆಯಲಿ. 2009ರ ಕಾನೂನುಬದ್ಧ ಮಾಪನ ಕಾಯಿದೆಯ ಪ್ರಕಾರ ತೂಕದ ಬಟ್ಟಿಗೆ ಮುದ್ರೆ ಬೇಕು, ತಕ್ಕಡಿಯ ಪರಿಶೀಲನೆಯಾಗಬೇಕು, ಪೊಟ್ಟಣದ ಮೇಲೆ ಬೆಲೆ ಅಚ್ಚಾಗಿರಬೇಕು. ತಪ್ಪಿದರೆ ಇನ್‌ಸ್ಪೆಕ್ಟರು ಬರುತ್ತಾರೆ, ದಂಡ ಬೀಳುತ್ತದೆ. ಸರಿಯೇ. ಐದು ರೂಪಾಯಿಯ ಸಾಸಿವೆ ಮಾರುವವನು ತಕ್ಕಡಿಯನ್ನು ಗಿರಾಕಿಯ ಕಣ್ಣೆದುರು ಹಿಡಿಯಬೇಕು. ಐವತ್ತು ಸಾವಿರದ ಬಿಲ್ಲು ಬರೆಯುವವನು ಮಾತ್ರ ತಕ್ಕಡಿಯನ್ನು ಒಳಕೋಣೆಯಲ್ಲಿಟ್ಟು ತೂಗಿ ಬಂದು 'ಇಷ್ಟಾಯಿತು' ಎಂದರೆ ಸಾಕೆ? ಸಣ್ಣವನಿಗೊಂದು ನ್ಯಾಯ, ದೊಡ್ಡವನಿಗೊಂದು ನ್ಯಾಯವೆ?

ಇದು ನಮ್ಮ ಹೊಟ್ಟೆಯುರಿಯ ಮಾತು ಎನ್ನುವವರಿಗೆ ಸರ್ಕಾರದ ಕಾಗದವನ್ನೇ ತೋರಿಸುತ್ತೇವೆ. ಗ್ರಾಹಕನೊಬ್ಬ 2011ರಲ್ಲಿ ಭಾರತದ ಸ್ಪರ್ಧಾ ಆಯೋಗಕ್ಕೆ ದೂರಿತ್ತ. ಕಂಪೆನಿಗಳು ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡುತ್ತಿಲ್ಲವೆಂಬುದು ದೂರು. ಮೂರು ಕಂಪೆನಿಗಳ ಮೇಲೆ ಮೊದಲಾದ ವಿಚಾರಣೆ ಹದಿನಾಲ್ಕು ಕಂಪೆನಿಗಳಿಗೆ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ ತೀರ್ಪಿತ್ತಿತು. ದೂರು ನಿಜವೆಂದಿತು. ಗಾಡಿ ಒಮ್ಮೆ ಕೊಂಡ ಮೇಲೆ ಅದರ ಬಿಡಿಭಾಗಕ್ಕೂ ರಿಪೇರಿಗೂ ಗಿರಾಕಿ ಅದೇ ಕಂಪೆನಿಯ ಕೈಗೆ ಸಿಕ್ಕಿಬೀಳುತ್ತಾನೆ, ಆ ಹಿಡಿತವನ್ನು ಕಂಪೆನಿಗಳು ದುರುಪಯೋಗ ಮಾಡಿವೆ ಎಂದಿತು. ಅನೇಕ ಬಿಡಿಭಾಗಗಳ ಬೆಲೆ ಅವುಗಳ ಅಸಲಿನ ಎರಡು ಪಟ್ಟನ್ನೂ ಮೀರಿದ್ದುದು ವಿಚಾರಣೆಯಲ್ಲಿ ಹೊರಬಿತ್ತು. ಹದಿನಾಲ್ಕು ಕಂಪೆನಿಗಳಿಗೂ ಸೇರಿ ಹಾಕಿದ ದಂಡ 2544.65 ಕೋಟಿ ರೂಪಾಯಿ. ಅದರಲ್ಲಿ ಟಾಟಾ ಮೋಟಾರ್ಸಿನ ಪಾಲು 1346.46 ಕೋಟಿ, ಮಾರುತಿ ಸುಜುಕಿಯದು 471.14 ಕೋಟಿ, ಮಹೀಂದ್ರದ್ದು 292.25 ಕೋಟಿ.

ದಂಡಕ್ಕಿಂತಲೂ ತೀರ್ಪಿನ ಆದೇಶಗಳು ನಮಗೆ ಮುಖ್ಯ. ಬಿಡಿಭಾಗಗಳೂ ಪತ್ತೆ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ಸಿಗುವ ಏರ್ಪಾಡು ಮಾಡಬೇಕು. ಬಿಡಿಭಾಗಗಳ ಬೆಲೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಹೊರಗೆ ರಿಪೇರಿ ಮಾಡಿಸಿದನೆಂಬ ಒಂದೇ ಕಾರಣಕ್ಕೆ ವಾರಂಟಿ ಇಡಿಯಾಗಿ ರದ್ದೆನ್ನಬಾರದು. ಇಷ್ಟು ಸ್ಪಷ್ಟವಾಗಿ ಆಯೋಗ ಬರೆಯಿತು.

ಆಮೇಲೆ ಏನಾಯಿತು? ದೊಡ್ಡವರ ದಂಡಕ್ಕೆ ಏನಾಗುತ್ತದೋ ಅದೇ ಆಯಿತು. ಅಪೀಲು, ತಡೆ, ವಾಯಿದೆ. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪೆನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು, ದಂಡವನ್ನು ಮಾತ್ರ ಇಳಿಸಿತು. ಇನ್ನು ಕೆಲವರು ಸ್ಪರ್ಧಾ ಕಾಯಿದೆಯೇ ಸರಿಯಿಲ್ಲವೆಂದು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ಆ ಕಾಯಿದೆಯ ಬಹುಭಾಗವನ್ನು ಹೈಕೋರ್ಟು ಎತ್ತಿಹಿಡಿಯುವ ವೇಳೆಗೆ 2019ರ ಏಪ್ರಿಲ್ ಬಂದಿತ್ತು. ದೂರು ಕೊಟ್ಟ ವರ್ಷ ಹುಟ್ಟಿದ ಕೂಸು ಅಷ್ಟರಲ್ಲಿ ಮೂರನೆಯ ತರಗತಿ ಓದುತ್ತಿತ್ತು. ತಕ್ಕಡಿಯ ದಂಡ ಕಟ್ಟಲು ಅಂಗಡಿಯವನಿಗೆ ಎಷ್ಟು ವರ್ಷ ವಾಯಿದೆ ಸಿಗುತ್ತದೆ?

2022ರಲ್ಲಿ ಕೇಂದ್ರ ಸರ್ಕಾರ 'ರಿಪೇರಿಯ ಹಕ್ಕು' ಎಂಬ ಒಳ್ಳೆಯ ಮಾತನ್ನಾಡಿತು. ಜುಲೈಯಲ್ಲಿ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಪೋರ್ಟಲು ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹಬಳಕೆಯ ಸಾಮಾನು, ಮೋಟಾರು ವಾಹನ ಇವು ನಾಲ್ಕನ್ನೂ ಅದರಲ್ಲಿ ಸೇರಿಸಿತು. ನಾವು ಸ್ವಾಗತಿಸುತ್ತೇವೆ. ಆದರೆ ಪೋರ್ಟಲೆಂಬುದು ಪ್ರಕಟಣೆಯ ಹಲಗೆ. ಹಲಗೆಯ ಮೇಲೆ ಕಂಪೆನಿ ತನಗೆ ಇಷ್ಟಬಂದಷ್ಟು ಬರೆಯುತ್ತದೆ. ಬರೆಯದಿದ್ದರೆ ದಂಡವೆನ್ನುವ ಕಾಯಿದೆ ಬೇರೆಯೇ ಬೇಕು.

ಅಮೆರಿಕ ಬಂಡವಾಳದ ತವರುಮನೆ ತಾನೆ? ಅಲ್ಲಿಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಇದೇ ಪ್ರಶ್ನೆಯನ್ನು ಜನರ ಮತಕ್ಕೆ ಹಾಕಿದರು. ಕಂಪೆನಿ ತನ್ನ ಡೀಲರಿಗೆ ಕೊಡುವ ಪತ್ತೆಯ ಮಾಹಿತಿಯನ್ನು ಗಾಡಿಯ ಯಜಮಾನನಿಗೂ ಹೊರಗಿನ ಗ್ಯಾರೇಜಿಗೂ ನ್ಯಾಯವಾದ ಬೆಲೆಗೆ ಕೊಡಬೇಕೆ ಎಂದು ಕೇಳಿದಾಗ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಮಂದಿ ಹೌದೆಂದರು. ಗಾಡಿಗಳು ಮಾಹಿತಿಯನ್ನು ಗಾಳಿಯಲ್ಲಿಯೇ ಕಂಪೆನಿಗೆ ಕಳಿಸುವ ಕಾಲ ಬಂದಾಗ, 2020ರಲ್ಲಿ ಮತ್ತೆ ಮತ ಹಾಕಿ ಅದನ್ನೂ ಕಾನೂನಿಗೆ ಸೇರಿಸಿದರು. ಯುರೋಪಿನ ಒಕ್ಕೂಟ 2007ರಷ್ಟು ಹಿಂದೆಯೇ ಹೊರಗಿನ ಗ್ಯಾರೇಜುಗಳಿಗೆ ರಿಪೇರಿಯ ಮಾಹಿತಿ ಕೊಡಬೇಕೆಂದು ನಿಯಮ ಮಾಡಿತು. ಅಲ್ಲಿ ಇದೇ ಕಂಪೆನಿಗಳು ಕೊಟ್ಟಿವೆ, ಮುಳುಗಿಹೋಗಿಲ್ಲ. ಬೋಸ್ಟನ್ನಿನ ಗ್ಯಾರೇಜಿಗೆ ಕೊಟ್ಟದ್ದನ್ನು ಮುಳಬಾಗಿಲಿನ ಗ್ಯಾರೇಜಿಗೆ ಕೊಡಲು ಕೈ ನಡುಗುವುದೇಕೆ?

ಕಂಪೆನಿಗಳ ಪರವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ಸುರಕ್ಷತೆ: ಅರೆಬರೆ ಕಲಿತವರು ಬ್ರೇಕು, ಏರ್ ಬ್ಯಾಗುಗಳನ್ನು ಮುಟ್ಟಿದರೆ ಪ್ರಾಣಕ್ಕೆ ಅಪಾಯ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅರೆಬರೆ ಕಲಿಯುವಂತೆ ಮಾಡಿದವರಾರು? ಪುಸ್ತಕ ಕೊಡದೆ, ಉಪಕರಣ ಕೊಡದೆ, ವೈರಿಂಗಿನ ನಕಾಶೆ ಕೊಡದೆ, ಆಮೇಲೆ ನಿನಗೆ ಓದು ಬಾರದು ಎಂದು ಹೀಯಾಳಿಸುವುದು ಹಳೆಯ ಚಾಳಿ. ಅಕ್ಷರವನ್ನು ಕೆಲವರ ಸೊತ್ತು ಮಾಡಿಕೊಂಡಿದ್ದವರೂ ಹೀಗೆಯೇ ಮಾಡುತ್ತಿದ್ದರು. ಎರಡು, ನಕಲಿ ಬಿಡಿಭಾಗ: ಬಾಗಿಲು ತೆರೆದರೆ ನಕಲಿ ನುಗ್ಗುತ್ತದೆ ಎನ್ನುತ್ತಾರೆ. ಅಸಲಿ ಸಿಗದಂತೆ ಮಾಡಿದಾಗಲೇ ನಕಲಿಗೆ ಗಿರಾಕಿ ಹುಟ್ಟುವುದು. ಅಸಲಿಯನ್ನು ನ್ಯಾಯದ ಬೆಲೆಗೆ ಮುಳಬಾಗಿಲಿನ ಅಂಗಡಿಗೆ ಕಳಿಸಿಕೊಡಲಿ, ನಕಲಿಯ ಕಾಟ ಅರ್ಧಕ್ಕರ್ಧ ಇಳಿಯುತ್ತದೆ.

ಹಳೆಯ ಗಾಡಿಯವನಿಗೆ ಇನ್ನೊಂದು ಕಂಟಕವಿದೆ. ಮಾರಿದವನು ದೇಶ ಬಿಟ್ಟರೆ ಗತಿಯೇನು? ಟವೇರಾ ಮಾರುತ್ತಿದ್ದ ಜನರಲ್ ಮೋಟಾರ್ಸ್ 2017ರ ಕೊನೆಗೆ ನಮ್ಮ ದೇಶದಲ್ಲಿ ಗಾಡಿ ಮಾರುವುದನ್ನೇ ನಿಲ್ಲಿಸಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಕೊಂಡವರಿಗೆ ಸೇವೆ ಮುಂದುವರಿಸುತ್ತೇವೆಂದು ಇಬ್ಬರೂ ಮಾತು ಕೊಟ್ಟರು. ಆದರೆ ಅಂಗಡಿ ಎತ್ತಿದವನ ಮಾತಿನ ಮೇಲೆ ಬಡವನ ಜೀವನೋಪಾಯ ನಿಲ್ಲಬಾರದು. ಬೀಗದ ಕೈ ಊರಿನವರ ಬಳಿಯೇ ಇದ್ದರೆ ಯಜಮಾನ ಊರು ಬಿಟ್ಟರೂ ಮನೆ ಬಾಗಿಲು ತೆರೆಯುತ್ತದೆ.

ಸರ್ಕಾರವೂ ಹಳೆಯ ಗಾಡಿಯವನ ಬೆನ್ನಿನ ಮೇಲೆ ತನ್ನ ಕಲ್ಲನ್ನು ಹೇರಿದೆ. ಹದಿನೈದು ವರ್ಷ ತುಂಬಿದ ಸ್ವಂತ ಕಾರು, ವ್ಯಾನುಗಳ ನೋಂದಣಿಯನ್ನು ಹೊಸದು ಮಾಡಿಸುವ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5000 ಆಯಿತು. ಅನೇಕ ಬಿಡಿಭಾಗಗಳ ಮೇಲೆ ನೂರಕ್ಕೆ 28ರಂತೆ ಇದ್ದ ಜಿ.ಎಸ್.ಟಿ. 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಇಳಿಸಿದ್ದಕ್ಕೆ ನಾವು ಮೆಚ್ಚುತ್ತೇವೆ. ಆದರೆ ಹೊಗೆ ಹೆಚ್ಚೆಂದು ಹಳೆಯ ಗಾಡಿಗೆ ಶುಲ್ಕ ಏರಿಸುವವರು, ಆ ಹೊಗೆಯನ್ನು ಇಳಿಸುವ ರಿಪೇರಿಯ ಬಾಗಿಲಿಗೆ ಬೀಗ ಹಾಕಿಸಿಟ್ಟಿರುವುದು ಯಾವ ಜಾಣತನ? ಹಳದಿ ದೀಪ ಹತ್ತಿದ ಗಾಡಿ ಹೊಗೆ ಕಾರುತ್ತದೆ. ದೀಪ ಬೇಗ ಆರಬೇಕಾದರೆ ರಿಪೇರಿ ಅಗ್ಗವಾಗಬೇಕು. ಗಾಳಿಯ ಹಿತವೂ ಬಡವನ ಹಿತವೂ ಇಲ್ಲಿ ಒಂದೇ.

ನಮ್ಮ ಊರಿನ ಗ್ಯಾರೇಜಿನವರೆಲ್ಲ ಸತ್ಯಹರಿಶ್ಚಂದ್ರರೆಂದು ನಾವು ಹೇಳುವುದಿಲ್ಲ. ಸಂಕೇತವನ್ನು ಅಳಿಸಿ ದೀಪ ಆರಿಸಿ 'ಆಯಿತು ಅಣ್ಣಾ' ಎಂದು ದುಡ್ಡು ತೆಗೆದುಕೊಳ್ಳುವವರಿದ್ದಾರೆ. ನಾಲ್ಕು ದಿನಕ್ಕೆ ದೀಪ ಮತ್ತೆ ಬರುತ್ತದೆ. ಹಳೆಯ ವ್ಯಾನು ಮಾರುವಾಗ ಮೀಟರ್ ಬೋರ್ಡಿನ ಬಲ್ಬನ್ನೇ ಕಿತ್ತು ಮಾರುವವರೂ ಇದ್ದಾರೆ. ಕೊಳ್ಳುವವರು ಒಂದು ಪರೀಕ್ಷೆ ಕಲಿಯಲಿ. ಕೀಲಿಯನ್ನು ಆನ್ ಹಂತಕ್ಕೆ ತಿರುಗಿಸಿ, ಎಂಜಿನ್ ಎಬ್ಬಿಸುವ ಮುಂಚೆ ನೋಡಿ: ಎಂಜಿನಿನ ದೀಪ, ಆಯಿಲಿನ ದೀಪ, ಬ್ಯಾಟರಿಯ ದೀಪ ಎಲ್ಲವೂ ಹತ್ತಬೇಕು. ಎಂಜಿನ್ ಎದ್ದ ಮೇಲೆ ಎಲ್ಲವೂ ಆರಬೇಕು. ಆರದ ದೀಪ ದೋಷ ಹೇಳುತ್ತದೆ. ಹತ್ತಲೇ ಇಲ್ಲದ ದೀಪ ಮೋಸ ಹೇಳುತ್ತಿರಬಹುದು. ಹಾಗೆಯೇ ಎಂಜಿನಿನ ಹಳದಿ ದೀಪ ಮಿಣುಕುತ್ತಿದ್ದರೆ ವೇಗ ಇಳಿಸಿ, ಭಾರ ಇಳಿಸಿ, ಬೇಗ ಗ್ಯಾರೇಜಿಗೆ ಹೋಗಬೇಕು. ಕಿಡಿ ತಪ್ಪಿ ಸುಡದ ಪೆಟ್ರೋಲು ಕನ್ವರ್ಟರನ್ನು ಸುಡುತ್ತಿರುತ್ತದೆ. ಸ್ಥಿರವಾಗಿ ಉರಿಯುತ್ತಿದ್ದರೆ, ಗಾಡಿ ಸರಿಯಾಗಿ ಎಳೆಯುತ್ತಿದ್ದರೆ, ಅಂದಿನ ಟ್ರಿಪ್ಪು ಮುಗಿಸಿ ತೋರಿಸುವಷ್ಟು ಸಮಾಧಾನವಿರಲಿ.

ಕಾಯಿದೆ ಬರುವವರೆಗೆ ಕೈಕಟ್ಟಿ ಕೂರಬೇಕೆ? ಬೇಡ. ಸಂಕೇತ ಓದುವ ಸಾಮಾನ್ಯ ಸ್ಕ್ಯಾನರ್ ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಸ್ಟ್ಯಾಂಡಿನ ಇಪ್ಪತ್ತು ವ್ಯಾನಿನವರು ತಲೆಗೆ ನೂರು ರೂಪಾಯಿ ಹಾಕಿದರೆ ಒಂದು ಬಂತು. ಗ್ಯಾರೇಜಿಗೆ ಹೋಗುವ ಮುಂಚೆಯೇ ಸಂಕೇತ ಬರೆದುಕೊಂಡು ಹೋದವನಿಗೆ ಮೋಸ ಮಾಡುವುದು ಸುಲಭವಲ್ಲ. ಆದರೆ ಈ ಸಣ್ಣ ಸ್ಕ್ಯಾನರ್ ಹೊಗೆಗೆ ಸಂಬಂಧಿಸಿದ ಸಾಮಾನ್ಯ ಸಂಕೇತಗಳನ್ನು ಓದುತ್ತದೆ. ಬ್ರೇಕು, ಏರ್ ಬ್ಯಾಗು, ಕಳ್ಳರಿಂದ ಕಾಯುವ ಕೀಲಿ ಮುಂತಾದವುಗಳ ಮಾತು ಬಹುಮಟ್ಟಿಗೆ ಅದಕ್ಕೆ ತಿಳಿಯದು. ಅವಕ್ಕೆ ಬೇಕಾದ ಉಪಕರಣ ಹತ್ತಾರು ಸಾವಿರದ್ದು, ಒಬ್ಬ ಮೇಸ್ತ್ರಿಯ ಕೈಗೆ ಎಟುಕದು. ಹತ್ತು ಗ್ಯಾರೇಜುಗಳು ಸಹಕಾರ ಸಂಘ ಕಟ್ಟಿಕೊಂಡರೆ ಎಟುಕುತ್ತದೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದ ರೈತರು ಸಾಹುಕಾರನ ಬಾಗಿಲಿಗೆ ಹೋಗುವುದನ್ನು ಬಿಟ್ಟು ಸಹಕಾರ ಸಂಘ ಕಟ್ಟಿದ ನಾಡು ಇದು. ಅವರು ಸಾಲದ ಬೀಗ ಮುರಿದರು. ನಾವು ಸಂಕೇತದ ಬೀಗ ಮುರಿಯಬಾರದೆ?

ರಿಪೇರಿಗೆ ಹೋದವರು ಮೂರು ಮಾತು ಮರೆಯಬಾರದು. ಸಂಕೇತ ಯಾವುದು, ಯಾವ ಪರೀಕ್ಷೆಯಿಂದ ರೋಗ ತಿಳಿಯಿತು ಎಂದು ಕೇಳಿ. ಕೆಲಸ ಹಿಡಿಯುವ ಮುಂಚೆ ಖರ್ಚಿನ ಅಂದಾಜನ್ನು ಬರೆದುಕೊಡಿ ಎನ್ನಿ. ಬಿಚ್ಚಿದ ಹಳೆಯ ಭಾಗವನ್ನು ಕೈಗೆ ಕೊಡಿ ಎನ್ನಿ. ಒಬ್ಬ ಕೇಳಿದರೆ ಮುಖ ಸಿಂಡರಿಸಿಯಾರು. ಸ್ಟ್ಯಾಂಡಿಗೆ ಸ್ಟ್ಯಾಂಡೇ ಕೇಳಿದರೆ ಪದ್ಧತಿಯಾಗುತ್ತದೆ.

ಸರ್ಕಾರವನ್ನು ನಾವು ಕೇಳುವುದಿಷ್ಟು. ದೋಷದ ಸಂಕೇತಗಳು, ರಿಪೇರಿಯ ಪುಸ್ತಕ, ವೈರಿಂಗಿನ ನಕಾಶೆ ಇವನ್ನು ಕನ್ನಡದಲ್ಲಿಯೂ ಪ್ರಕಟಿಸುವಂತೆ ಕಂಪೆನಿಗಳಿಗೆ ಕಟ್ಟಳೆ ಮಾಡಲಿ. ಪತ್ತೆಯ ಉಪಕರಣವನ್ನು ಕೇಳಿದ ಗ್ಯಾರೇಜಿಗೆ ನ್ಯಾಯದ ಬೆಲೆಗೆ ಕೊಡಿಸಲಿ. ಒಂದು ಬಗೆಯ ಗಾಡಿಯ ತಯಾರಿಕೆ ನಿಂತ ಮೇಲೆ ಇಂತಿಷ್ಟು ವರ್ಷ ಬಿಡಿಭಾಗ ಒದಗಿಸಲೇಬೇಕೆಂದು ಕಾಯಿದೆ ಮಾಡಲಿ. ಸರ್ಕಾರಿ ಐ.ಟಿ.ಐ.ಗಳಲ್ಲಿ ಸಂಜೆಯ ತರಗತಿ ತೆರೆದು ಕೆಲಸದಲ್ಲಿರುವ ಮೇಸ್ತ್ರಿಗಳಿಗೆ ಈ ವಿದ್ಯೆ ಕಲಿಸಲಿ. 2014ರ ತೀರ್ಪಿನ ಆದೇಶಗಳಿಗೆ ಹಲ್ಲು ಕೊಡಲಿ.

ಇದರಲ್ಲಿ ಯಾವುದೂ ದಾನವಲ್ಲ. ದುಡ್ಡು ಕೊಟ್ಟು ಕೊಂಡ ಗಾಡಿ ನಮ್ಮದಾದರೆ, ಅದರ ರೋಗದ ಚೀಟಿಯೂ ನಮ್ಮದೇ. ತನ್ನ ಎತ್ತಿಗೆ ಏನಾಗಿದೆಯೆಂದು ತಿಳಿಯಲು ಎತ್ತು ಮಾರಿದ ದಲ್ಲಾಳಿಗೆ ಕಪ್ಪ ಕೊಟ್ಟ ರೈತನನ್ನು ನಾವು ಕಂಡಿಲ್ಲ. ಮೀಟರ್ ಬೋರ್ಡಿನ ದೀಪ ಗಾಡಿ ನಡೆಸುವವನಿಗಾಗಿ ಉರಿಯಬೇಕು. ಅದರ ಹಿಂದಿನ ಬೀಗದ ಕೈ ಅವನ ಜೇಬಿನಲ್ಲಿರಬೇಕು. ಅದು ಬರುವವರೆಗೆ ಕೇಳುತ್ತಲೇ ಇರೋಣ, ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ.